ಡಬಲ್ ಆಕ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್!



ಯಾವ ನಾಯಕ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡ, ಯಾವ ನಾಯಕಿ ಸೆಟ್ಟಿಗೆ ಎಷ್ಟು ಹೊತ್ತಿಗೆ ಬಂದಳು… ಈ ವಾರ ಅದ್ಯಾವುದೂ ಇಲ್ಲಿಲ್ಲ. ಮುಹೂರ್ತದ ಸುದ್ದಿ, ಕುಂಬಳಕಾಯಿ ಒಡೆದ ಸುದ್ದಿ ಪಕ್ಕದ ಪುಟಗಳಲ್ಲಿವೆ, ನೋಡಿಕೊಳ್ಳಿ. ಈ ವಾರದ ಅಂಕಣ ಪೂರ್ತಿ ಒಂದು ಕಾಗದಕ್ಕೆ ಮೀಸಲು. ಬಂದಿರೋದು ಶಿರಾ ತಾಲ್ಲೂಕಿನ ಬರಗೂರಿನಿಂದ. ಹೆಸರು ಹಾಕಬೇಡಿ ಅಂತ ಬರೆದಿದ್ದಾನೆ. ಹಾಕೋದಿಲ್ಲ.

ಸಂಗತಿ ಇಷ್ಟೇ. ಹುಡುಗನಿಗೆ ಸಂಕಲನದ ಹುಚ್ಚು. ಮೆಚ್ಚಿನ ನಟನ ಟೀಸರ್, ಹಾಡು, ಫೈಟು ಎಲ್ಲ ಕತ್ತರಿಸಿ ಜೋಡಿಸಿ, ಹುಟ್ಟುಹಬ್ಬದ ದಿನ ಊರಿನ ಹುಡುಗರ ಮೊಬೈಲಿಗೆಲ್ಲ ಹಂಚುತ್ತಾನೆ. ಎರಡು ವರ್ಷ ಕಾಡಿ ಬೇಡಿದ ಮೇಲೆ ಅಪ್ಪ ಕುರಿ ಮಾರಿದ ದುಡ್ಡಲ್ಲಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ಈಗ ಕೆಲಸ ಹೆಚ್ಚಿದಂತೆ ತೆರೆ ಸಣ್ಣದಾಯ್ತು, ಕುತ್ತಿಗೆ ಹಿಡಿಯಿತು, ಬಣ್ಣ ಮಂಕು ಅನ್ನಿಸಿತು. ಪೇಟೆಗೆ ಹೋಗಿ ಕೇಳಿದರೆ, “ಲ್ಯಾಪ್‌ಟಾಪು ಆಟಕ್ಕೆ ಕಣಪ್ಪ. ಎಡಿಟಿಂಗಿಗೆ ಡೆಸ್ಕ್‌ಟಾಪೇ ಆಗ್ಬೇಕು. ಇದನ್ನ ಅರ್ಧ ಬೆಲೆಗೆ ಕೊಟ್ಟು ಅದನ್ನ ತಗೊಂಡು ಹೋಗು” ಅಂದರಂತೆ. ಹುಡುಗ ಬರೆಯುತ್ತಾನೆ: “ಅಣ್ಣಾ, ಅಪ್ಪನ ಹತ್ರ ಇನ್ನೊಂದ್ಸಲ ದುಡ್ಡು ಕೇಳೋಕೆ ನನಗೆ ಮುಖ ಇಲ್ಲ. ಏನ್ ಮಾಡ್ಲಿ?”

ತಮ್ಮಾ, ಮೊದಲು ಉತ್ತರ ತಗೋ, ಆಮೇಲೆ ವಿವರ. ಲ್ಯಾಪ್‌ಟಾಪ್ ಮಾರಬೇಡ. ಅಪ್ಪನ ಹತ್ತಿರ ಕೇಳಲೂ ಬೇಡ. ನಿನ್ನ ಕೈಲಿರೋ ಯಂತ್ರವೇ ಡೆಸ್ಕ್‌ಟಾಪ್ ಪಾತ್ರವನ್ನೂ ಮಾಡುತ್ತೆ. ಅದಕ್ಕೆ ಬೇಕಾಗಿರೋದು ಒಂದು ಹಳೆಯ ಮಾನಿಟರ್, ಒಂದು ಸರಿಯಾದ ಕೇಬಲ್, ಒಂದು ಕೀಬೋರ್ಡ್, ಒಂದು ಮೌಸ್. ಯಾವುದನ್ನು ಯಾವ ಕಿಂಡಿಗೆ ಚುಚ್ಚಬೇಕು ಅನ್ನೋದು ಗೊತ್ತಿದ್ದರೆ ಸಾಕು. ಅದನ್ನೇ ಇಲ್ಲಿ ಹೇಳುತ್ತೇನೆ. ಬಸ್ಸಿಗೆ ಕಾಯುತ್ತಾ ಓದುತ್ತಿರುವ ಉಳಿದ ತಮ್ಮಂದಿರೂ ಕೇಳಿಸಿಕೊಳ್ಳಿ. ಇಂಥ ಪ್ರಶ್ನೆ ನಿಮ್ಮಲ್ಲೂ ಎಷ್ಟೋ ಜನಕ್ಕೆ ಇರುತ್ತೆ.

ಬರಗೂರಿಗೆ ಇದು ಹೊಸದಲ್ಲ

ಅಂದ ಹಾಗೆ, ಬರಗೂರು ಅಂದರೆ ಚಿತ್ರರಂಗಕ್ಕೆ ಗೊತ್ತಿಲ್ಲದ ಊರೇನಲ್ಲ. ಸಾಹಿತಿ, ನಿರ್ದೇಶಕ ಬರಗೂರು ರಾಮಚಂದ್ರಪ್ಪನವರ ಹುಟ್ಟೂರು. ‘ಒಂದು ಊರಿನ ಕಥೆ’, ‘ಬೆಂಕಿ’ ತೆಗೆದವರು. ಅವರದೇ ‘ಶಾಂತಿ’ ಚಿತ್ರ ನೆನಪಿದೆಯಾ? ಇಡೀ ಚಿತ್ರಕ್ಕೆ ತೆರೆಯ ಮೇಲೆ ಒಬ್ಬರೇ ಕಲಾವಿದೆ, ಭಾವನಾ. ಗಿನ್ನೆಸ್ ದಾಖಲೆಗೂ ಸೇರಿದ ಚಿತ್ರ ಅದು. ಒಬ್ಬ ನಟಿ ಇಡೀ ಸಿನಿಮಾ ಹೊತ್ತುಕೊಂಡು ಹೋಗಬಹುದು ಅಂತ ತೋರಿಸಿದ ನಿರ್ದೇಶಕರ ಊರಲ್ಲಿ ಒಂದು ಲ್ಯಾಪ್‌ಟಾಪ್ ಎರಡು ಕೆಲಸ ಮಾಡೋದು ದೊಡ್ಡ ಮಾತೇ?

ಇನ್ನೊಂದು ಹೆಸರೂ ಹೇಳಲೇಬೇಕು. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್ ಚಾಪ್ಟರ್ 2’ ತೆರೆಗೆ ಬಂತಲ್ಲ, ಅದರ ಸಂಕಲನಕಾರ ಉಜ್ವಲ್ ಕುಲಕರ್ಣಿ. ಹತ್ತೊಂಬತ್ತರ ಹುಡುಗ ಅಂತ ಆಗ ಪತ್ರಿಕೆಗಳೆಲ್ಲ ಬರೆದವು. ಅಭಿಮಾನಿಯಾಗಿ ತುಣುಕುಗಳನ್ನು ಎಡಿಟ್ ಮಾಡುತ್ತಿದ್ದವನು ನಿರ್ದೇಶಕ ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದು ಅಷ್ಟು ದೊಡ್ಡ ಚಿತ್ರದ ಕತ್ತರಿ ಹಿಡಿದ. 2023ರ ‘ಸಲಾರ್’ಗೂ ಅವರದೇ ಸಂಕಲನ. ಅಂದರೆ ಮೊಬೈಲಿನಲ್ಲಿ ಹಂಚೋ ತುಣುಕನ್ನು ಹಗುರವಾಗಿ ನೋಡಬೇಡಿ. ಎಲ್ಲರಿಗೂ ಆ ಅದೃಷ್ಟ ಸಿಗುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ಬಾಗಿಲು ಅಲ್ಲಿ ಇದೆ ಅನ್ನೋದಂತೂ ನಿಜ.

ಹಿಂದೆ ಆ ಬಾಗಿಲು ಮದರಾಸಿನಲ್ಲಿತ್ತು! ಕನ್ನಡ ಚಿತ್ರಗಳ ಸಂಕಲನಕ್ಕೂ ಕೋಡಂಬಾಕ್ಕಕ್ಕೇ ಹೋಗಬೇಕಾಗಿದ್ದ ಕಾಲ. ಮೂವಿಯೋಲಾ ಯಂತ್ರದ ಪುಟ್ಟ ಗಾಜಿನಲ್ಲಿ ಚಿತ್ರ ನೋಡುತ್ತಾ, ಫಿಲಂ ಕತ್ತರಿಸಿ, ಅಂಟಿಸಿ, ಮಿಕ್ಕ ತುಂಡುಗಳನ್ನು ಕೊಕ್ಕೆಗೆ ನೇತುಹಾಕಿ ಕೆಲಸ ಮಾಡುತ್ತಿದ್ದರು. ಆ ಕೋಣೆಯೊಳಗೆ ಸಹಾಯಕನಾಗಿ ಕಾಲಿಡೋಕೇ ವರ್ಷಗಟ್ಟಲೆ ಕಾಯಬೇಕಿತ್ತು. ಆ ಟೇಬಲ್ಲು ಇವತ್ತು ಬರಗೂರಿನ ಹಜಾರಕ್ಕೆ ಬಂದು ಕೂತಿದೆ. ಅದನ್ನು ಅರ್ಧ ಬೆಲೆಗೆ ಮಾರೋದೇ?

ಎರಡು ತೆರೆ ಯಾಕೆ?

ಸಂಕಲನ ಮಾಡೋನಿಗೆ ಒಂದೇ ಹೊತ್ತಿಗೆ ಎರಡು ನೋಟ ಬೇಕು. ಒಂದು ಕಡೆ ದೃಶ್ಯಗಳ ಸಾಲು, ಧ್ವನಿಯ ಸಾಲು, ಕಚ್ಚಾ ತುಣುಕುಗಳ ರಾಶಿ. ಇನ್ನೊಂದು ಕಡೆ ಜನ ನೋಡೋ ಚಿತ್ರ. ಹದಿನೈದು ಚಿಲ್ಲರೆ ಅಂಗುಲದ ಒಂದೇ ತೆರೆಯಲ್ಲಿ ಇವೆರಡನ್ನೂ ತುಂಬಿದರೆ ಚಿತ್ರ ಬೆಂಕಿಪೊಟ್ಟಣದಷ್ಟಾಗುತ್ತೆ. ನಟನ ಕಣ್ಣು ಮಿಟುಕಿದ್ದು ಕಾಣೋದಿಲ್ಲ. ಕಣ್ಣು ಮಿಟುಕಿದ್ದು ಕಾಣದಿದ್ದರೆ ಎಲ್ಲಿ ಕತ್ತರಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೇ ಎರಡನೆಯ ತೆರೆ. ಶೋಕಿಗಲ್ಲ.

ಕೇಬಲ್ ಚುಚ್ಚಿದ ಮೇಲೆ ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಗುಂಡಿ ಒತ್ತಿ ಹಿಡಿದು ‘ಪಿ’ ಅಕ್ಷರ ಒತ್ತಿ. ನಾಲ್ಕು ಆಯ್ಕೆ ಬರುತ್ತೆ. ‘ಡುಪ್ಲಿಕೇಟ್’ ಅಂದರೆ ನಮ್ಮ ಸ್ಟಂಟ್ ಡೂಪ್ ಇದ್ದ ಹಾಗೆ, ಅದೇ ವೇಷ, ಅದೇ ಚಿತ್ರ ಎರಡೂ ಕಡೆ. ನಿಮಗೆ ಬೇಕಾಗಿರೋದು ‘ಎಕ್ಸ್‌ಟೆಂಡ್’. ಆಗ ಎರಡು ತೆರೆಯೂ ಬೇರೆ ಬೇರೆ ಪಾತ್ರ ಮಾಡುತ್ತವೆ. ಲ್ಯಾಪ್‌ಟಾಪಿನಲ್ಲಿ ತುಣುಕುಗಳ ಸಾಲು, ಮಾನಿಟರಿನಲ್ಲಿ ಪೂರ್ತಿ ಚಿತ್ರ. ಮನೆ ಟಿವಿಯನ್ನೂ ಸೇರಿಸಿದರೆ ‘ಶಂಕರ್ ಗುರು’ (1978) ಚಿತ್ರದ ಅಣ್ಣಾವ್ರ ಹಾಗೆ ಮೂರು ಪಾತ್ರ!

ಯಾವ ಕಿಂಡಿ, ಯಾವ ಕೇಬಲ್?

ಲ್ಯಾಪ್‌ಟಾಪಿನ ಪಕ್ಕದಲ್ಲೋ ಹಿಂದೆಯೋ ಕಿಂಡಿಗಳಿರುತ್ತವೆ. ಅದರಲ್ಲಿ ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆ ಓರೆಯಾಗಿರೋದು ಎಚ್‌ಡಿಎಂಐ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚುಕಡಿಮೆ ಇದ್ದೇ ಇರುತ್ತೆ. ಒಂದು ಮಾತು ನೆನಪಿಡಿ. ಇದು ಥಿಯೇಟರಿನ ‘ಹೊರಗೆ’ ಅಂತ ಕೆಂಪು ದೀಪ ಹಾಕಿರೋ ಬಾಗಿಲು. ಚಿತ್ರ ಇಲ್ಲಿಂದ ಹೊರಗೆ ಹೋಗುತ್ತೆ, ಒಳಗೆ ಬರೋದಿಲ್ಲ. ಸೆಟ್‌ಟಾಪ್ ಬಾಕ್ಸನ್ನು ಇದಕ್ಕೆ ಚುಚ್ಚಿ ಲ್ಯಾಪ್‌ಟಾಪ್ ತೆರೆಯಲ್ಲಿ ಟಿವಿ ನೋಡ್ತೀನಿ ಅಂದರೆ ಆಗೋದಿಲ್ಲ.

ಎಚ್‌ಡಿಎಂಐನಲ್ಲೂ ತಳಿಗಳಿವೆ. 1.4 ಅನ್ನೋ ಹಳೆಯ ತಳಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 2.0 ತಳಿ ಸೆಕೆಂಡಿಗೆ 18 ಗಿಗಾಬಿಟ್ ಹೊರುತ್ತೆ, 4ಕೆಯನ್ನು 60 ಸಲ ಕಳಿಸುತ್ತೆ. 2.1 ತಳಿಯ ಹೊರೆ 48 ಗಿಗಾಬಿಟ್ಟಿನವರೆಗೆ. ಲ್ಯಾಪ್‌ಟಾಪ್, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ಹಳೆಯದೋ ಅದರ ವೇಗವೇ ಎಲ್ಲಕ್ಕೂ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿಯೂ ಕುಂಟುತ್ತೆ, ಹಾಗೆ. ಆದರೆ ನಮ್ಮ ಬರಗೂರಿನ ತಮ್ಮನಿಗೆ 4ಕೆ ಬೇಡ. 1920 ಅಡ್ಡ, 1080 ಉದ್ದದ 24 ಅಂಗುಲದ ಮಾನಿಟರ್ ಸಾಕು. ಅದಕ್ಕೆ ‘ಹೈ ಸ್ಪೀಡ್’ ಅಂತ ಬರೆದಿರೋ ಒಂದೂವರೆ ಮೀಟರಿನ ಕೇಬಲ್ ಧಾರಾಳ. ಚಿನ್ನದ ಲೇಪ, ರೇಷ್ಮೆ ಹೊದಿಕೆ ಅಂತ ಹೇಳಿ ಹೆಚ್ಚು ದುಡ್ಡು ಕೇಳಿದರೆ ಕೈಮುಗಿದು ಬನ್ನಿ.

ಹಳೆಯ ಮಾನಿಟರಿನಲ್ಲಿ ನೀಲಿ ಬಣ್ಣದ, ಮೂರು ಸಾಲು ತೂತಿರೋ ಕಿಂಡಿ ಮಾತ್ರ ಇದ್ದರೆ ಅದು ವಿಜಿಎ. ಐಬಿಎಂ ಕಂಪನಿ 1987ರಲ್ಲಿ ತಂದದ್ದು. ಅದರ ಭಾಷೆಯೇ ಬೇರೆ. ಲ್ಯಾಪ್‌ಟಾಪ್ ಮಾತಾಡೋದು ಡಿಜಿಟಲ್, ವಿಜಿಎಗೆ ಅರ್ಥವಾಗೋದು ಅನಲಾಗ್. ನಡುವೆ ಒಬ್ಬ ಡಬ್ಬಿಂಗ್ ಕಲಾವಿದ ಬೇಕು. ಅಂದರೆ ಒಳಗೆ ಚಿಪ್ ಇರೋ ಕನ್ವರ್ಟರ್. ಬರೀ ತಂತಿ ಎರಡೂ ಕಡೆ ಬೆಸೆದ ಕೇಬಲ್ ಕೆಲಸ ಮಾಡೋದಿಲ್ಲ. ಕನ್ವರ್ಟರ್ ಹಾಕಿದರೂ ಅಕ್ಷರ ಸ್ವಲ್ಪ ಮಸುಕು, ಒಟಿಟಿ ಚಿತ್ರಗಳು ಕೆಲವು ಸಲ ಕಪ್ಪು ತೆರೆ ತೋರಿಸೋದೂ ಉಂಟು. ಬಿಳಿ ಬಣ್ಣದ ಡಿವಿಐ ಕಿಂಡಿ ಇದ್ದರೆ ಚಿಂತೆಯಿಲ್ಲ, ಅದೂ ಡಿಜಿಟಲ್ಲೇ. ಎಚ್‌ಡಿಎಂಐನಿಂದ ಡಿವಿಐಗೆ ಸಾದಾ ಕೇಬಲ್ ನಡೆಯುತ್ತೆ.

ಇನ್ನೊಂದು ಮೋಸದ ಜಾಗ ಹೇಳ್ತೀನಿ. ಕಚೇರಿಗಳಿಂದ ಬಂದ ಕೆಲವು ಮಾನಿಟರುಗಳಲ್ಲಿ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುತ್ತೆ. ಅಂಗಡಿಯಲ್ಲಿ ಸಿಗೋ ಸಾದಾ ಡಿಸ್‌ಪ್ಲೇ ಪೋರ್ಟ್-ಎಚ್‌ಡಿಎಂಐ ಕೇಬಲ್ ಒಂದೇ ದಿಕ್ಕಿನ ರಸ್ತೆ. ಕಂಪ್ಯೂಟರಿನ ಡಿಸ್‌ಪ್ಲೇ ಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುತ್ತೆ. ತಿರುಗಿಸಿ ಹಾಕಿದರೆ ಚಿತ್ರ ಬರೋದಿಲ್ಲ. ಹಾಗಾಗಿ ಎಚ್‌ಡಿಎಂಐ ಕಿಂಡಿ ಇರೋ ಮಾನಿಟರನ್ನೇ ಕೇಳಿ ತಗೊಳ್ಳಿ.

ಯುಎಸ್‌ಬಿ-ಸಿ ಅಂತ ಹೊಸ ಮೊಬೈಲಿನ ಚಾರ್ಜರ್ ಮೂತಿಯ ಕಿಂಡಿ ಇದೆಯಲ್ಲ, ಅದರಲ್ಲೂ ಚಿತ್ರ ಹೋಗಬಹುದು, ಆದರೆ ಎಲ್ಲದರಲ್ಲೂ ಅಲ್ಲ. ಪಕ್ಕದಲ್ಲಿ ಡಿಸ್‌ಪ್ಲೇ ಪೋರ್ಟಿನ ಗುರುತೋ ಮಿಂಚಿನ ಗುರುತೋ ಇದ್ದರೆ ಹೋಗುವ ಭರವಸೆ. ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರ ಓದಿ, ಆಮೇಲೆ ಕೇಬಲ್ ಕೊಳ್ಳಿ.

ಇಬ್ಬರು ನಾಯಕರು

ಗೇಮಿಂಗ್ ಲ್ಯಾಪ್‌ಟಾಪಿನೊಳಗೆ ಸಾಮಾನ್ಯವಾಗಿ ಚಿತ್ರ ಬಿಡಿಸೋರು ಇಬ್ಬರು. ಒಬ್ಬ ಮುಖ್ಯ ಪ್ರೊಸೆಸರಿನೊಳಗೇ ಇರೋ ಸಣ್ಣ ಗ್ರಾಫಿಕ್ಸ್. ಶಾಂತ ಸ್ವಭಾವ, ಊಟ ಕಮ್ಮಿ. ಇನ್ನೊಬ್ಬ ಎನ್‌ವಿಡಿಯಾ ಮುಂತಾದ ಕಂಪನಿಯ ದೊಡ್ಡ ಚಿಪ್. ಫೈಟ್ ಸೀನಿಗೆ ಬರೋ ಆಳು, ತಿನ್ನೋದೂ ಜಾಸ್ತಿ, ಬಿಸಿಯೂ ಜಾಸ್ತಿ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಸ್ವಂತ ತೆರೆಗೆ ತಂತಿ ಇರೋದು ಸಣ್ಣವನಿಂದ. ದೊಡ್ಡವನು ಬಿಡಿಸಿದ ಚಿತ್ರವೂ ಸಣ್ಣವನ ಕೈದಾಟಿಯೇ ತೆರೆಗೆ ಬರುತ್ತೆ. ಬ್ಯಾಟರಿ ಉಳಿಸೋಕೆ ಮಾಡಿದ ಏರ್ಪಾಡು. ಎನ್‌ವಿಡಿಯಾ 2010ರಲ್ಲಿ ಇದಕ್ಕೆ ‘ಆಪ್ಟಿಮಸ್’ ಅಂತ ಹೆಸರಿಟ್ಟು ತಂದಿತು.

ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರ ದೊಡ್ಡವನಿಂದಲೇ ಬರುತ್ತೆ. ಮಾನಿಟರ್ ಅಲ್ಲಿಗೆ ಚುಚ್ಚಿದರೆ ಮಧ್ಯವರ್ತಿ ಇಲ್ಲ. ಆಟಗಳಲ್ಲಿ ವೇಗ ಒಂದಿಷ್ಟು ಏರೋದೂ ಉಂಟು. ಇದಕ್ಕೆ ಬೆಲೆಯೂ ಇದೆ. ಮಾನಿಟರ್ ಇರೋ ತನಕ ದೊಡ್ಡವನು ನಿದ್ದೆ ಮಾಡೋ ಹಾಗಿಲ್ಲ. ಸುಮ್ಮನೆ ಹಾಡು ಕೇಳುತ್ತಿದ್ದರೂ ಫ್ಯಾನ್ ತಿರುಗುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ. ಹಾಗಾಗಿ ಮಾನಿಟರ್ ಹಾಕಿದಾಗ ಲ್ಯಾಪ್‌ಟಾಪಿನ ಸ್ವಂತ ಅಡಾಪ್ಟರ್ ಹಾಕಲೇಬೇಕು. ಮೊಬೈಲ್ ಚಾರ್ಜರಿನಂಥ ಸಣ್ಣದರಿಂದ ಈ ಹೊಟ್ಟೆ ತುಂಬೋದಿಲ್ಲ.

ನಿಮ್ಮದು ಯಾರ ಕೈಯಲ್ಲಿದೆ ಅಂತ ತಿಳಿಯೋಕೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಆಮೇಲೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆಯಿರಿ. ಮೇಲೆ ಮಾನಿಟರ್ ಆರಿಸಿ. ಯಾವ ಗ್ರಾಫಿಕ್ಸಿಗೆ ಸೇರಿದೆ ಅನ್ನೋದು ಅಲ್ಲೇ ಬರೆದಿರುತ್ತೆ.

24ರ ಲೆಕ್ಕ

ಅದೇ ಪುಟದಲ್ಲಿ ಇನ್ನೊಂದು ಅಂಕಿ ಇದೆ, ರಿಫ್ರೆಶ್ ರೇಟ್. ತೆರೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತೆ ಅನ್ನೋ ಲೆಕ್ಕ. ಗೇಮ್ ಆಡೋರು 144 ಹರ್ಟ್ಸ್ ಮಾನಿಟರ್ ತಂದು, ಅದು 60ರಲ್ಲೇ ನಿಂತಿರೋದನ್ನ ನೋಡದೆ ತಿಂಗಳುಗಟ್ಟಲೆ ಆಡೋದುಂಟು! ಎಷ್ಟೋ ಸಲ ವಿಂಡೋಸ್ ತಾನಾಗಿ 60ಕ್ಕೆ ಇಟ್ಟಿರುತ್ತೆ. ಕೈಯಿಂದ ಬದಲಿಸಬೇಕು.

ಸಿನಿಮಾದವರಿಗೆ ಇಲ್ಲೊಂದು ಸ್ವಾರಸ್ಯ ಇದೆ. ಮಾತಿನ ಚಿತ್ರಗಳು ಬಂದ ಕಾಲದಿಂದ ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು. 60ನ್ನು 24ರಿಂದ ಭಾಗಿಸಿ ನೋಡಿ. ಎರಡೂವರೆ! ಅರ್ಧ ಚೌಕಟ್ಟು ತೋರಿಸೋಕಾಗುತ್ತಾ? ಹಾಗಾಗಿ ಒಂದನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಿ ಸರಿದೂಗಿಸುತ್ತೆ. ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗೋ ದೃಶ್ಯದಲ್ಲಿ ಸಣ್ಣಗೆ ಎಡವಿದ ಹಾಗೆ ಕಾಣೋದು ಇದಕ್ಕೇ. ನಿಮ್ಮ ಕತ್ತರಿಯ ತಪ್ಪಲ್ಲ. 120ಕ್ಕೆ ಇಟ್ಟರೆ ಒಂದೊಂದು ಚೌಕಟ್ಟು ಸಮವಾಗಿ ಐದು ಸಲ. 144ಕ್ಕೆ ಇಟ್ಟರೆ ಆರು ಸಲ. ಮೊಬೈಲಿನಲ್ಲಿ ಸೆಕೆಂಡಿಗೆ 30ರಂತೆ ತೆಗೆದ ಚಿತ್ರಕ್ಕೂ 120 ಸರಿಯಾಗಿ ನಾಲ್ಕು ಪಾಲಾಗುತ್ತೆ. ಆದ್ದರಿಂದ 144ರ ಮಾನಿಟರ್ ಇದ್ದರೂ ಎಡಿಟಿಂಗ್ ಹೊತ್ತಿನಲ್ಲಿ 120 ಒಳ್ಳೆಯದು. 60ರ ಮಾನಿಟರೇ ಸಿಕ್ಕಿದರೂ ಬೇಸರ ಬೇಡ. ಎಡವೋದು ಎಲ್ಲಿಂದ ಅಂತ ಗೊತ್ತಾಯ್ತಲ್ಲ, ಸಾಕು.

ಮಂಕು ಬಣ್ಣದ ಗುಟ್ಟು

ಬಣ್ಣ ಮಂಕು ಅಂತ ತಮ್ಮ ಬರೆದಿದ್ದಾನಲ್ಲ, ಅದು ಅವನ ಕಣ್ಣಿನ ದೋಷ ಅಲ್ಲ. ಕಮ್ಮಿ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಕಂಪನಿಯವರು ಚಿಪ್ಪಿಗೆ ದುಡ್ಡು ಸುರಿದು ತೆರೆಯಲ್ಲಿ ಉಳಿಸುತ್ತಾರೆ. ವಿವರದಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅದರ ಅರ್ಥ, ಮಾಮೂಲಿ ಮೊಬೈಲು, ಮಾನಿಟರುಗಳು ತೋರಿಸೋ ‘ಎಸ್‌ಆರ್‌ಜಿಬಿ’ ಅನ್ನೋ ಬಣ್ಣದ ಹರವಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಈ ತೆರೆಗೆ ಬರುತ್ತೆ. ಕುಂಕುಮದ ಕೆಂಪು ಇಟ್ಟಿಗೆ ಕೆಂಪಾಗುತ್ತೆ.

ಇದರಿಂದ ಕೆಲಸ ಹೇಗೆ ಕೆಡುತ್ತೆ ನೋಡಿ. ಮಂಕಾಗಿ ಕಾಣುತ್ತೆ ಅಂತ ನೀವು ಬಣ್ಣ ಏರಿಸುತ್ತೀರಿ. ನಿಮ್ಮ ತೆರೆಯಲ್ಲಿ ಸರಿಯಾಯ್ತು ಅನ್ನಿಸುತ್ತೆ. ಅದೇ ತುಣುಕು ಒಳ್ಳೆಯ ಮೊಬೈಲಿನಲ್ಲಿ ನೋಡಿದವನಿಗೆ ನಾಯಕನ ಮುಖ ಟೊಮೆಟೊ ಹಣ್ಣು! ನಿಮ್ಮ ಕೆಲಸ ನೋಡಿ ಯಾರಾದರೂ ಕರೆಯೋರಿದ್ದರೆ ಅಲ್ಲೇ ಮುಖ ತಿರುಗಿಸುತ್ತಾರೆ. ಆದ್ದರಿಂದ ಮಾನಿಟರ್ ಕೊಳ್ಳುವಾಗ ಗಾತ್ರಕ್ಕಿಂತ ಮುಂಚೆ ಎರಡು ಮಾತು ಕೇಳಿ. ‘ಐಪಿಎಸ್’ ತೆರೆಯೇ? ‘ಎಸ್‌ಆರ್‌ಜಿಬಿ’ 99 ಪರ್ಸೆಂಟ್ ಆಸುಪಾಸು ಇದೆಯೇ? ಐಪಿಎಸ್ ತೆರೆಯನ್ನು ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗೋದಿಲ್ಲ. ಬಣ್ಣದ ಕೆಲಸವನ್ನೆಲ್ಲ ಮಾನಿಟರಿನ ಮೇಲೆ ಮಾಡಿ, ಲ್ಯಾಪ್‌ಟಾಪ್ ತೆರೆಯಲ್ಲಿ ಬರೀ ಸಾಲುಗಳನ್ನಿಡಿ.

ಟಿವಿಗೆ ಚುಚ್ಚೋರಿಗೂ ಒಂದು ಮಾತು. ಟಿವಿ ತನ್ನಷ್ಟಕ್ಕೆ ಬಣ್ಣ ಹೊಳಪಿಸುತ್ತೆ, ಕೆಲವು ಟಿವಿ ಚಿತ್ರದ ಅಂಚನ್ನೂ ನುಂಗುತ್ತೆ. ಟಿವಿಯ ಮೆನುವಿನಲ್ಲಿ ‘ಪಿಸಿ’ ಅಥವಾ ‘ಗೇಮ್’ ಮೋಡ್ ಹಾಕಿಕೊಳ್ಳಿ. ಮೌಸ್ ತಡವರಿಸೋದೂ ಕಡಿಮೆಯಾಗುತ್ತೆ.

ಪೋಷಕ ಪಾತ್ರಗಳು

ಕೀಬೋರ್ಡು, ಮೌಸು, ಹಾರ್ಡ್ ಡಿಸ್ಕು, ಸ್ಪೀಕರು… ಇವರಿಲ್ಲದೆ ಕಥೆ ನಡೆಯೋದಿಲ್ಲ.

ಕಿಂಡಿ ಸಾಲದಿದ್ದರೆ ಯುಎಸ್‌ಬಿ ಹಬ್ ಹಾಕುತ್ತೇವೆ. ಕೀಬೋರ್ಡ್, ಮೌಸ್ ಅದರಲ್ಲಿರಲಿ. ಹಾರ್ಡ್ ಡಿಸ್ಕ್ ಮಾತ್ರ ನೇರ ಲ್ಯಾಪ್‌ಟಾಪಿಗೇ ಇರಲಿ. ಕರೆಂಟಿನ ಸ್ವಂತ ಆಸರೆ ಇಲ್ಲದ ಅಗ್ಗದ ಹಬ್‌ನಲ್ಲಿ ಡಿಸ್ಕಿಗೆ ಶಕ್ತಿ ಸಾಲದೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತುಬಿಡುತ್ತೆ. ತಿಂಗಳ ಕೆಲಸ ಅದರಲ್ಲಿದ್ದರೆ ಗತಿ? ಒಳಗೆ ನೀಲಿ ನಾಲಿಗೆ ಇರೋ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ 3.0 ತಳಿ, ಸೆಕೆಂಡಿಗೆ 5 ಗಿಗಾಬಿಟ್. ಹಳೆಯ 2.0 ತಳಿ 480 ಮೆಗಾಬಿಟ್. ಹತ್ತು ಪಟ್ಟು ವ್ಯತ್ಯಾಸ! ಡಿಸ್ಕಿಗೆ ನೀಲಿ, ಮೌಸಿಗೆ ಕಪ್ಪು ಅಂತ ಇಟ್ಟುಕೊಳ್ಳಿ.

ತಂತಿಯಿಲ್ಲದ ಮೌಸ್ ಆಗಾಗ ಮುಗ್ಗರಿಸಿದರೆ ಬ್ಯಾಟರಿ ಬೈಯಬೇಡಿ. ಯುಎಸ್‌ಬಿ 3.0 ಸಾಧನಗಳಿಂದ ಹೊರಡೋ ಗದ್ದಲ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡ ಬರುತ್ತೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ತಿಳಿಸಿದೆ. ಮೌಸಿನ ಪುಟ್ಟ ರಿಸೀವರನ್ನು ಹಾರ್ಡ್ ಡಿಸ್ಕಿನ ಪಕ್ಕದಿಂದ ತೆಗೆದು ಇನ್ನೊಂದು ಬದಿಗೆ ಹಾಕಿ. ತೊಂದರೆ ಬಹುತೇಕ ಅಲ್ಲಿಗೇ ನಿಲ್ಲುತ್ತೆ.

ಮಾನಿಟರ್ ಚುಚ್ಚಿದ ಕೂಡಲೇ “ಸೌಂಡೇ ಮಾಯ!” ಅಂತ ಗಾಬರಿಯಾಗಬೇಡಿ. ಎಚ್‌ಡಿಎಂಐ ಚಿತ್ರದ ಜೊತೆ ಧ್ವನಿಯನ್ನೂ ಹೊತ್ತೊಯ್ಯುತ್ತೆ. ಮಾನಿಟರಿಗೆ ಸ್ಪೀಕರ್ ಇಲ್ಲದಿದ್ದರೆ ಮೂಕಿ ಚಿತ್ರ. ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ, ಲ್ಯಾಪ್‌ಟಾಪ್ ಸ್ಪೀಕರನ್ನೋ ಹೆಡ್‌ಫೋನನ್ನೋ ಮತ್ತೆ ಆರಿಸಿ. ಸಂಕಲನಕ್ಕೆ ಬ್ಲೂಟೂತ್ ಬೇಡ. ಧ್ವನಿ ತಡವಾಗಿ ಬರುತ್ತೆ, ತುಟಿ ಒಂದು ಕಡೆ ಮಾತು ಒಂದು ಕಡೆ. ತಂತಿಯ ಹೆಡ್‌ಫೋನೇ ಸರಿ.

ಕರೆಂಟು, ಬಿಸಿಲು, ಅರ್ಥಿಂಗು

ಈಗ ಕ್ಲೈಮ್ಯಾಕ್ಸ್. ಡೆಸ್ಕ್‌ಟಾಪೇ ಬೇಕು ಅಂದವರಿಗೆ ಇಲ್ಲಿದೆ ಉತ್ತರ. ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 13 ಸಾವಿರ ಎಕರೆಯಲ್ಲಿ ಬಿಸಿಲು ಹಿಡಿದು 2,050 ಮೆಗಾವ್ಯಾಟ್ ತಯಾರಿಸುವಷ್ಟು ದೊಡ್ಡದು. ಆದರೂ ಗಾಳಿ ಮಳೆ ಬಂದರೆ ಹಳ್ಳಿಯಲ್ಲಿ ಕರೆಂಟು ಹೋಗೋದು ಹೋಗೋದೇ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಆ ಕ್ಷಣವೇ ಪ್ರಾಣ ಹೋಗುತ್ತೆ, ಸೇವ್ ಮಾಡದ ಕೆಲಸವೂ ಹೋಗುತ್ತೆ. ಲ್ಯಾಪ್‌ಟಾಪಿನಲ್ಲಿ ಮಾನಿಟರ್ ಮಾತ್ರ ಕಪ್ಪಾಗುತ್ತೆ. ಮುಚ್ಚಳ ತೆರೆದೇ ಇಟ್ಟಿದ್ದರೆ ಕೆಲಸವೆಲ್ಲ ಸ್ವಂತ ತೆರೆಯಲ್ಲಿ ಉಳಿದಿರುತ್ತೆ. ಸೇವ್ ಮಾಡಿ, ರೆಂಡರ್ ನಿಲ್ಲಿಸಿ, ಟೀ ಕುಡಿದು ಬನ್ನಿ. ಬ್ಯಾಟರಿಯಲ್ಲಿ ದೊಡ್ಡ ಚಿಪ್ ಪೂರ್ತಿ ಓಡೋದಿಲ್ಲ, ಓಡಿಸಿ ಪ್ರಯೋಜನವೂ ಇಲ್ಲ. ಯುಪಿಎಸ್ ಸಿಕ್ಕಿದರೆ ಅದಕ್ಕೆ ಮಾನಿಟರ್ ಒಂದನ್ನೇ ಹಾಕಿ. 24 ಅಂಗುಲದ ಮಾನಿಟರ್ ತಿನ್ನೋದು ಸುಮಾರು 20ರಿಂದ 30 ವ್ಯಾಟ್. ಲ್ಯಾಪ್‌ಟಾಪಿನ ಅಡಾಪ್ಟರಾದರೆ 200 ವ್ಯಾಟ್ ದಾಟಬಹುದು, ಸಣ್ಣ ಯುಪಿಎಸ್ ಅದಕ್ಕೆ ನಿಮಿಷಗಳಲ್ಲಿ ಸುಸ್ತು.

ಎರಡನೆಯದು ಅರ್ಥಿಂಗ್. ಇದು ಪ್ರಾಣದ ಮಾತು, ನಗಬೇಡಿ. ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಂ ಅನ್ನುತ್ತಾ? ಗೋಡೆಯ ಬೋರ್ಡಿನಲ್ಲಿ ಅರ್ಥಿಂಗ್ ಸರಿಯಿಲ್ಲ ಅಂತ ಅನುಮಾನಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸೋದು, ದಪ್ಪ ಪಿನ್ ಮುರಿದು ಹಾಕೋದು ಬೇಡವೇ ಬೇಡ. ನಮ್ಮ ಶಿರಾ, ಪಾವಗಡದ ಒಣ ನೆಲದಲ್ಲಿ ಅರ್ಥಿಂಗ್ ಗುಂಡಿಯೂ ಒಣಗಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಬಿಡಿ. ಲ್ಯಾಪ್‌ಟಾಪ್, ಮಾನಿಟರ್, ಸ್ಪೀಕರ್ ಎಲ್ಲ ಒಂದೇ ಸ್ಪೈಕ್ ಗಾರ್ಡಿನಲ್ಲಿರಲಿ. ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಸ್ವಿಚ್ ಆರಿಸಿರಲಿ. ಅರ್ಥಿಂಗ್ ಕೆಟ್ಟ ಮನೆಯಲ್ಲಿ ಸೋರೋ ಕರೆಂಟು ಈ ಕೇಬಲ್ಲಿನಲ್ಲೇ ದಾರಿ ಹುಡುಕುತ್ತೆ. ಕಿಂಡಿ ಸುಟ್ಟರೆ ಇಡೀ ಬೋರ್ಡಿಗೇ ಖರ್ಚು.

ಮೂರನೆಯದು ಬಿಸಿ. ಲ್ಯಾಪ್‌ಟಾಪಿನ ಹಿಂಭಾಗ ಎರಡು ಅಂಗುಲ ಎತ್ತಿಡಿ, ಕೆಳಗೆ ಗಾಳಿ ಆಡಲಿ. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಉಸಿರು ಕಟ್ಟುತ್ತೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಕೆಳಗೆ ಎರಡು ಇಟ್ಟಿಗೆ ಇಡಿ. ಕುತ್ತಿಗೆ ನೋವಿಗೂ ಔಷಧಿ ಅದೇ.

ಕೊಳ್ಳೋಕೆ ಹೋಗೋ ಮುಂಚೆ

ಬೆಂಗಳೂರಿನ ಎಸ್.ಪಿ. ರೋಡ್ ಗೊತ್ತಲ್ಲ, ಅಲ್ಲಿ ಕಂಪನಿಗಳಿಂದ ಬಂದ ಹಳೆಯ ಮಾನಿಟರುಗಳು ಸಿಗುತ್ತವೆ. ಹೋಗುವಾಗ ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಕೇಬಲ್ ಜೊತೆಗಿರಲಿ. ಅಂಗಡಿಯಲ್ಲೇ ಚುಚ್ಚಿ ನೋಡಿ. ಪೂರ್ತಿ ಬಿಳಿ ಚಿತ್ರ ಒಂದು, ಪೂರ್ತಿ ಕಪ್ಪು ಒಂದು, ಕೆಂಪು ಒಂದು ಮೊದಲೇ ಇಟ್ಟುಕೊಂಡು ಹಾಕಿ ನೋಡಿದರೆ ಸತ್ತ ಚುಕ್ಕೆ, ಗೆರೆ, ಮೂಲೆಯ ಕಲೆ ಎಲ್ಲ ಬಯಲು. 1366 ಅಥವಾ 1600 ಅಡ್ಡದ ತೆರೆ ಕೊಟ್ಟರೆ ಬೇಡ ಅನ್ನಿ. ಹತ್ತು ನಿಮಿಷ ಹೊತ್ತಿಸಿ ಬಿಡಿ, ಮಿಣುಕಿದರೆ ಮುಂದಿನ ಅಂಗಡಿ. ಬಿಲ್ ಕೇಳಿ, ಎಷ್ಟು ದಿನದ ಗ್ಯಾರಂಟಿ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಒಂದೇ ಸಲ ಎಲ್ಲ ಬೇಕಾಗಿಲ್ಲ. ಈ ತಿಂಗಳು ಮಾಮೂಲಿ ತಂತಿಯ ಮೌಸ್. ಮುಂದಿನ ತಿಂಗಳು ಸ್ಪೈಕ್ ಗಾರ್ಡ್, ಅರ್ಥಿಂಗ್ ಪರೀಕ್ಷೆ. ಮಾನಿಟರ್ ಆಮೇಲೆ. ಅಷ್ಟರವರೆಗೆ ಮನೆ ಟಿವಿ ಇದ್ದೇ ಇದೆ, ಅಮ್ಮನ ಧಾರಾವಾಹಿ ಮುಗಿದ ಮೇಲೆ! ಮದುವೆ ಮನೆಯ ವಿಡಿಯೋದವರ ಹತ್ತಿರ ನಾಲ್ಕು ತುಣುಕು ಕತ್ತರಿಸಿಕೊಟ್ಟರೆ ಮಾನಿಟರಿನ ದುಡ್ಡು ಲ್ಯಾಪ್‌ಟಾಪೇ ದುಡಿದುಕೊಡುತ್ತೆ. ಕುರಿ ಮಾರಿದ ಅಪ್ಪನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?

ಕೊನೆಗೆ ಒಂದು ಮಾತು, ಕಹಿಯಾದರೂ ಹೇಳಲೇಬೇಕು. ಎರಡು ತೆರೆ ಇಟ್ಟವರೆಲ್ಲ ಸಂಕಲನಕಾರರಾಗೋದಿಲ್ಲ. ಯಾವ ಚೌಕಟ್ಟಿನಲ್ಲಿ ನಿಲ್ಲಿಸಬೇಕು ಅನ್ನೋದನ್ನ ಯಾವ ಕೇಬಲ್ಲೂ ಹೇಳಿಕೊಡೋದಿಲ್ಲ. ಅದಕ್ಕೆ ಒಳ್ಳೆಯ ಚಿತ್ರಗಳನ್ನು ಸೌಂಡ್ ತೆಗೆದು ನೋಡಬೇಕು, ಕತ್ತರಿ ಬಿದ್ದ ಜಾಗ ಎಣಿಸಬೇಕು, ತಾನು ಕತ್ತರಿಸಿದ್ದನ್ನು ಹತ್ತು ಸಲ ಅಳಿಸಬೇಕು. ಕಂಪ್ಯೂಟರ್ ಸಾಲದು ಅನ್ನೋ ನೆಪ ಮಾತ್ರ ಇವತ್ತಿಗೆ ಮುಗಿಯಿತು.

ಹಾಂ, ಇನ್ನೊಂದು. ಎರಡು ತೆರೆಯಲ್ಲಿ ಮಾಡಿದ ಮೊದಲ ತುಣುಕನ್ನು ಕಚೇರಿಗೆ ಕಳಿಸಿ. ಹೊಗಳಿಕೆ ಗ್ಯಾರಂಟಿ ಇಲ್ಲ, ನೋಡೋದು ಗ್ಯಾರಂಟಿ. ಮುಂದಿನ ವಾರ ಮತ್ತೆ ಗಾಂಧಿನಗರದ ಸುದ್ದಿಗೆ ಬರೋಣ. ಅಲ್ಲಿವರೆಗೂ ನಮಸ್ಕಾರ.